ಕೆಳಗ ಮಣ್ಣು, ಮ್ಯಾಲ ಕಲ್ಲು

ಮೊನ್ನೆ ನಮ್ಮ ಓಣ್ಯಾಗ ಯಾರೋ ಹೊಸ ಮನಿ ನೆಲಕ್ಕ ಪರ್ಸಿ ಕಲ್ಲು ಹಾಸಾಕತ್ತಿದ್ರು. ಮಷೀನ್ ಹಚ್ಚಿ ಕಲ್ಲು ಕೊಯ್ಯೂಮುಂದ ಮ್ಯಾಲ ನೀರು ಬಿಡ್ತಾರ. ಆ ನೀರು ಹಾಲಿನಂಗ ಬೆಳ್ಳಗಾಗಿ ಗಟಾರಕ್ಕ ಹರೀತದ. ಅದಕ್ಕೊಂದು ವಾಸನಿ ಅದ. ಹಸಿ ಸುಣ್ಣದ್ದಲ್ಲ, ಮಳಿ ಬಿದ್ದ ಮಣ್ಣಿಂದೂ ಅಲ್ಲ. ಹಲ್ಲಿನ ನಡುವ ಕರಕರ ಅಂದಂಗ ಆಗೋ ವಾಸನಿ. ನಾ ಕಟ್ಟಿ ಮ್ಯಾಲ ತೊಗರಿ ಹಸನ ಮಾಡ್ಕೋತ ಕುಂತಿದ್ದೆ. ವಾಸನಿ ಮೂಗಿಗಿ ಬಡೀತು, ನನಗ ನಗಿ ಬಂತು.

ಸೊಸಿ ಒಳಗಿಂದ ಬಂದು, "ಯಾಕತ್ತಿ, ಒಬ್ಬರೇ ನಗಾಕತ್ತೀರಿ?" ಅಂದಳು.

"ಮುಕಾದಮ ಬುಟ್ಟಿ ಹೊತ್ತದ್ದು ನೆನಪಾತು" ಅಂದೆ.

ಆಕಿ ಬಾಯಿಗಿ ಸೆರಗು ಹಚ್ಚಿಕೊಂಡು ಒಳಗ ಹೋದಳು. ನಮ್ಮ ಊರಾಗ ಆ ಮಾತಿಗಿ ಜನ ಇನ್ನೂ ನಗತಾರ. ಜೋರಾಗಿ ನಗೂದಿಲ್ಲ, ಅಷ್ಟೇ.

ನಾ ಕಲ್ತದ್ದು ನಾಲ್ಕನೇತ್ತ. ನನ್ನ ಅಕ್ಷರ ದಪ್ಪ, ಸಾಲು ಸೊಟ್ಟ. ಅದನ್ನ ಓದವ್ರು ಸಂಭಾಳಿಸ್ಕೋಬೇಕು. ಕಣ್ಣೀರು ಬರೋಹಂಗ ಬರೀಲಿಕ್ಕೆ ನನಗ ಬರೂದಿಲ್ಲ, ಬಂದ್ರೂ ಬರಿಯಾಕಿ ಅಲ್ಲ.

ಮುಕಾದಮ ಬುಟ್ಟಿ ಹೊತ್ತ ವರ್ಷದಂಥಾ ಬ್ಯಾಸಗಿ ನಾ ಎಂದೂ ಕಂಡಿರಲಿಲ್ಲ ಅಂತ ಹೇಳಿದ್ರ ಸುಳ್ಳಾಗ್ತದ. ವಾಡಿಗಿ ಚಿತ್ತಾಪುರಕ್ಕ ನಡುವ ಇರೋ ನಮ್ಮ ಊರಿಗಿ ಎಲ್ಲಾ ಬ್ಯಾಸಗಿನೂ ಅಂಥಾದ್ದೇ. ಆ ವರ್ಷ ಬ್ಯಾರೆ ಆಗಿದ್ದು ಒಂದೇ. ಊರ ಹೊರಗಿನ ಹಳೇ ಪರ್ಸಿ ಖಣಿ ಒಣಗಿತ್ತು. ಎಷ್ಟೋ ವರ್ಷದಿಂದ ಅದರ ತಳ ಯಾರಿಗೂ ಕಂಡಿರಲಿಲ್ಲ. ನಮ್ಮ ಯಜಮಾನ ಅದರಾಗ ಸತ್ತ ವರ್ಷದ ಮಳಿಗಾಲದಾಗ ನೀರು ತುಂಬಿತ್ತು, ಮುಂದ ಯಾರೂ ಅದನ್ನ ಖಾಲಿ ಮಾಡಿಸಲಿಲ್ಲ. ಆ ಬ್ಯಾಸಗಿ ಅಕ್ಕಪಕ್ಕದ ಖಣಿಯವ್ರು ನೀರು ಜಗ್ಗಿ ಜಗ್ಗಿ ನಮ್ಮ ಖಣಿ ತಾನೇ ಬತ್ತಿ ಹೋತು. ಮೀನು ಸತ್ತು ನಾರಿದ್ವು. ಆಮ್ಯಾಲ ತಳದ ರಾಡಿ ಬಿರುಕು ಬಿಟ್ಟು ಗಟ್ಟಿ ಆತು.

ಅದೇ ತಿಂಗಳು ಕಲಬುರಗಿ ಕಡಿಂದ ಒಂದು ಕಾಲೇಜಿನವ್ರು ಬಂದ್ರು. ಭೂಮಿ ಓದೋ ಹುಡುಗರು. ಸಾಲಿ ಸೂಟಿ ಇತ್ತು, ಅಲ್ಲೇ ಇಳಕೊಂಡ್ರು. ಸಾಲ್ಯಾಗ ಬಿಸಿಯೂಟ ಮಾಡಾಕಿ ನಾನೇ. ಹಂಗಾಗಿ ಅವರಿಗೂ ರೊಟ್ಟಿ ಬಡಿಯೋದು ನನ್ನ ಪಾಲಿಗೇ ಬಂತು. ಅವರ ಕೂಡ ಟೆಂಪೋದಾಗ ಹೋಗಬೇಕು, ಎಲ್ಲಿ ನಿಲ್ಲಸ್ತಾರ ಅಲ್ಲಿ ಒಲಿ ಹೂಡಬೇಕು.

ಮೊದಲ ದಿನವೇ ಹುಡುಗರು ಮುಖ ಸಿಂಡರಿಸಿದ್ರು. ಅವರಿಗಿ ರಾಜಸ್ಥಾನದ ಮರುಭೂಮಿ ತೋರಸ್ತೀವಿ ಅಂತ ಹೇಳಿದ್ರಂತ. ಅದು ಆಗಲಿಲ್ಲ, ಇಲ್ಲಿಗಿ ಬಂದಿದ್ರು.

"ಸರ್, ಮರುಭೂಮಿ ಅಂದ್ರಿ. ಮರಳು ಎಲ್ಲದ? ಒಂಟಿ ಎಲ್ಲದ?" ಅಂದ ಒಬ್ಬವ.

ಅವರ ಮಾಸ್ತರ್ರು ಕಟಗಿಯಂಥ ಮನುಷ್ಯ, ತಲಿ ಮ್ಯಾಲ ಬಟ್ಟಿ ಟೊಪಿಗಿ. ಸುತ್ತ ಕೈ ತೋರಿಸಿದ್ರು. ಬಿಳಿ ಧೂಳು, ಹಳೇ ಖಣಿಗಳ ಕುಣಿ, ಕುಣಿ ಪಕ್ಕಕ್ಕ ಒಡಕ ಕಲ್ಲಿನ ಗುಡ್ಡಿ, ಗುಡ್ಡಿ ಮ್ಯಾಲ ಒಂದೊಂದು ಜಾಲಿ. ಕಣ್ಣು ಹೋಗೋತನ ಅಷ್ಟೇ. "ಮರುಭೂಮಿ ಅಂದ್ರ ಮರಳಲ್ಲಪ್ಪ. ನೀರು ನಿಲ್ಲದ, ಗಿಡ ಏಳದ, ನೆರಳು ಸಿಗದ ನೆಲ. ರಾಜಸ್ಥಾನದ್ದು ದೇವರು ಮಾಡಿದ್ದು, ಇದು ಮನುಷ್ಯಾರು ಮಾಡಿದ್ದು. ನೋಡ್ರಿ."

"ಒಂಟಿ ಬೇಕಂದ್ರ ನಾ ಇದ್ದೀನಿ ತಗೋರಿ," ಅಂದೆ ನಾನು. "ಹುಟ್ಟಿದಾಗಿಂದ ಹೊರೋದೇ ಆಗ್ಯದ."

ಹುಡುಗರು ನಕ್ಕರು. ಅವತ್ತಿಂದ ನಾ ಎಲ್ಲರಿಗೂ ಆಯಿ ಆದೆ.

ಈಗ ಯಜಮಾನನ ಮಾತು ಹೇಳಬೇಕು, ಇಲ್ಲಾಂದ್ರ ಮುಂದಿಂದು ತಿಳಿಯೂದಿಲ್ಲ.

ನಾವಿಬ್ಬರೂ ಅದೇ ಖಣ್ಯಾಗ ದುಡೀತಿದ್ದೆವು. ಅಂವ ಕಬ್ಬಿಣದ ಹಾರಿ ಹಿಡಿದು ಪರ್ಸಿ ಎಬ್ಬಸ್ತಿದ್ದ. ನಾವು ಹೆಣ್ಣುಮಕ್ಕಳು ಮ್ಯಾಲಿನ ಕರಿ ಮಣ್ಣು ಬುಟ್ಟಿಲೆ ಹೊತ್ತು ಹೊರಗ ಚೆಲ್ಲತಿದ್ದೆವು. ನಮ್ಮ ನೆಲದಾಗ ಮ್ಯಾಲ ಆಳೆತ್ತರ ಕರಿ ಮಣ್ಣು, ಅದರ ಕೆಳಗ ಕಲ್ಲು, ಪುಸ್ತಕದ ಹಾಳಿ ಹಂಗ ಒಂದರ ಮ್ಯಾಲ ಒಂದು. ಮ್ಯಾಲಿಂದ ಹಾಳಿ ಹಾಳಿ ತೆಗೀತ ಇಳೀಬೇಕು. ಕೆಲವರು ಆಸೆಬುರುಕರು ಇರ್ತಾರ. ಮ್ಯಾಲಿನ ಹಾಳಿ ಹಂಗೇ ಬಿಟ್ಟು, ಕೆಳಗ ಕೈ ಹಾಕಿ ಛಲೋ ಕಲ್ಲು ಜಗ್ಗತಾರ. ಅದಕ್ಕ ನಮ್ಮಾಗ ಹೊಟ್ಟಿ ಬಗಿಯೋದು ಅಂತಾರ. ಹೊಟ್ಟಿ ಬಗದ್ರ ಕಲ್ಲು ಬೀಳ್ತದ, ಸಾಯ್ತಾರ.

ಇನ್ನೊಂದು ಕಟ್ಟಳಿ ಅದ. ಖಣಿ ಬಾಯಿ ಮ್ಯಾಲ ಭಾರ ಹಾಕಬಾರದು. ಹೊತ್ತ ಮಣ್ಣು ದೂರ ಒಯ್ದು ಚೆಲ್ಲಬೇಕು. ಆಳುಗಳ ಕಡಿಂದ ಕೆಲಸ ತಗೊಳ್ಳೋ ನಮ್ಮ ಮುಕಾದಮ ಮಲ್ಕಪ್ಪ ಅಂತ, ಖಣಿ ಮಾಲಕನ ಮುಂದ ಕೆಲಸ ಲಗೂನ ಆಗ್ಯದ ಅಂತ ತೋರಿಸ್ಕೊಳ್ಳೋ ಚಟದವ. "ದೂರ ಯಾಕ ಅಡ್ಡಾಡ್ತೀರಿ, ಇಲ್ಲೇ ಬಾಯಿ ಮ್ಯಾಲೇ ಚೆಲ್ರಿ, ನಡೀರಿ ನಡೀರಿ" ಅಂತಿದ್ದ. ಬಾಯಿ ಮ್ಯಾಲ ಕರಿ ಮಣ್ಣಿನ ಗುಡ್ಡಿ ಎದ್ದಿತ್ತು. ಒಂದು ಸಂಜಿಮುಂದ ಅಡ್ಡಮಳಿ ಹೊಡೀತು. ಮರುದಿನ ಮುಂಜಾನಿ ಗುಡ್ಡಿ ಕೆಳಗ ಜಾರಿತು. ಯಜಮಾನ ಕೆಳಗಿದ್ದ.

ಪೊಲೀಸರು ಬಂದ್ರು. ಮುಕಾದಮ ಹೇಳಿದ, "ಭೀಮಶಾ ಮುಂಜಾನೆದ್ದು ಕುಡದು ಬಂದಿದ್ದ ಸಾಹೇಬ್ರ. ಬಾಯಿ ನಾರತಿತ್ತು. ಬ್ಯಾಡ ಬ್ಯಾಡ ಅಂದ್ರೂ ಹೊಟ್ಟಿ ಬಗದ. ಕಲ್ಲು ಬಿತ್ತು, ಕಲ್ಲಿನ ಹಿಂದ ಮಣ್ಣು ಬಿತ್ತು."

ನಾ ಹೇಳಿದೆ, "ಸುಳ್ಳು. ಮೊದಲ ಮಣ್ಣು ಜಾರ್ಯದ. ಆ ಮಣ್ಣು ನಾವೇ ಹೊತ್ತು ಹಾಕೀವಿ, ಈತ ಹಾಕಿಸ್ಯಾನ." ಪೊಲೀಸ, "ಹೆಂಡ್ತಿ ಹಂಗೇ ಹೇಳ್ತಾಳ" ಅಂದ. ಉಳದ ಹೆಣ್ಣುಮಕ್ಕಳಿಗಿ ನಾಳಿ ಅದೇ ಮುಕಾದಮನ ಕೈ ಕೆಳಗ ದುಡಿಯೋದಿತ್ತು. ನೆಲ ನೋಡಿದ್ರು.

ನಮ್ಮಾಗ ಮಣ್ಣು ಮಾಡೂಮುಂದ ಹೆಣ ಕುಂದರಿಸಿ, ವಿಭೂತಿ ಹಚ್ಚಿ, ಅಯ್ಯನವರು ತಲಿಗಿ ಪಾದ ಮುಟ್ಟಸ್ತಾರ. ಪಾದ ಮುಟ್ಟಲಿಲ್ಲ ಅಂದ್ರ ಆ ಮನುಷ್ಯ ದಾರಿ ಸಿಗದಂಗ ಹೋದ ಅಂತ ಲೆಕ್ಕ. ಅಯ್ಯನವರು ಕುಣಿ ತನ ಬಂದ್ರು. ಮುಕಾದಮ ಅವರ ಕಿವ್ಯಾಗ ಏನೋ ಅಂದ. ಅಯ್ಯನವರು ಹಿಂದ ಸರದು, "ಶೆರೆ ಕುಡದ ಬಾಯಿಗಿ ನಾ ಪಾದ ಇಡೂದಿಲ್ಲ" ಅಂದು ಹೋದ್ರು. ಜನ ಎಲ್ಲಾ ಮಾರಿ ತಿರುವಿ ನಿಂತಿತ್ತು. ಯಜಮಾನ ಕುಣ್ಯಾಗ ಕುಂತೇ ಇದ್ದ. ನಾನೇ ಮೊದಲ ಹಿಡಿ ಮಣ್ಣು ಹಾಕಿದೆ.

ಪರಿಹಾರ ಬರಲಿಲ್ಲ. ಬಂದಿದ್ರೂ ಯಾವಾಗೋ ತಿಂದು ಮುಗದಿರ್ತಿತ್ತು. ಕುಡುಕ ಅನ್ನೋ ಹೆಸರು ಮಾತ್ರ ಖರ್ಚೇ ಆಗಲಿಲ್ಲ. ಮಗಳು ದೊಡ್ಡಾಕಿ ಆದಳು. ಆಡಕಿ ಊರಿಂದ ಹೆಣ್ಣು ನೋಡಾಕ ಬಂದ್ರು. ಛಲೋ ಮನಿತನ, ಹುಡುಗನೂ ಛಲೋ. ಅವಲಕ್ಕಿ ತಿಂದು, ಚಹಾ ಕುಡದು, ದಾರ್ಯಾಗ ಮುಕಾದಮನ ಕಟ್ಟಿ ಮ್ಯಾಲ ಕುಂತು ಹೋದ್ರು. ಅಲ್ಲಿಂದೇ ಹೇಳಿ ಕಳಿಸಿದ್ರು, ಕುಡದು ಸತ್ತವನ ಮನಿ ಹೆಣ್ಣು ನಮಗ ಬ್ಯಾಡ ಅಂತ. ಮಗಳನ್ನ ಸುಲೇಪೇಟದಾಗ ಎರಡನೇ ಸಂಬಂಧಕ್ಕ ಕೊಟ್ಟೆ. ಗಂಡ ಸತ್ತಾಗ ನಾ ಮುಕಾದಮನ್ನ ಶಪಿಸಿದ್ದೆ. ಅವತ್ತ ಮಾತ್ರ ಶಾಪ ಹಾಕಲಿಲ್ಲ. ಶಾಪ ಹಾಕಿದ್ರ ದೇವರ ಮ್ಯಾಲ ಬಿಟ್ಟಂಗ ಆಗ್ತದ. ನನಗ ಬಿಡೋದಿರಲಿಲ್ಲ.

ಮುಕಾದಮ ಛಂದಾಗಿ ಮುದುಕ ಆದ. ಎದಿ ಮ್ಯಾಲ ಲಿಂಗದ ಬೆಳ್ಳಿ ಕರಡಗಿ, ಮಡಿ ಧೋತರ. ಎಲ್ಲಿ ದಾಸೋಹ ಅಲ್ಲಿ ಮುಂದಿನ ಪಂಕ್ತಿ. ಯಾರ ಮನ್ಯಾಗ ಜಗಳ ಆದ್ರೂ ಸಾಕ್ಷಿಗಿ ಅಂವನೇ. "ಮಲ್ಕಪ್ಪ ಮುತ್ಯಾ ಹೇಳಿದ್ರ ಆತು" ಅಂತಿದ್ರು.

ಇನ್ನ ಟೆಂಪೋ ಮಾತಿಗಿ ಬರ್ತೀನಿ.

ಸೇಡಂ ಕಡೆ ಹೋದೆವು, ಶಹಾಬಾದ ಕಡೆ ಹೋದೆವು. ಮಾಸ್ತರ್ರು ಒಂದೊಂದು ಕಡೆ ಇಳಿಸಿ ಕಲ್ಲು ಕುಟ್ಟಿಸ್ತಿದ್ರು. ನಮ್ಮ ಪರ್ಸಿ ಕಲ್ಲು ಒಂದು ಕಾಲಕ್ಕ ಸಮುದ್ರದ ತಳದ ರಾಡಿ ಆಗಿತ್ತಂತ. ಒಂದು ಕಲ್ಲಿನ ಮ್ಯಾಲ ತೆರಿ ಬಡದ ಗುರುತು ತೋರಿಸಿದ್ರು, ತೊಳದ ಸೀರಿ ನಿರಿಗಿ ಹಂಗ ಇತ್ತು. ಸಮುದ್ರ ಇತ್ತಂತ ಇಲ್ಲಿ! ಈಗ ಟ್ಯಾಂಕರ್ ಬಂದ್ರ ಕೊಡ ಹಿಡಕೊಂಡು ಕೂದಲಾ ಕೂದಲಾ ಜಗ್ಗಾಡ್ತೀವಿ. ನನಗ ಖರೇ ಅನ್ನಿಸಲಿಲ್ಲ. ಆದ್ರ ಆ ಮಾಸ್ತರ್ರಿಗಿ ಸುಳ್ಳು ಹೇಳಿ ಆಗಬೇಕಾದ್ದೇನಿಲ್ಲ. ಸುಳ್ಳು ಹೇಳವ್ರ ಮಾರಿ ನಾ ನೋಡೀನಿ, ಅದು ಹಂಗಿರೂದಿಲ್ಲ.

ಸುಲೇಪೇಟದಾಗ ಚಹಾಕ್ಕ ನಿಂತಾಗ ಮಗಳು ಬಸ್ ಸ್ಟ್ಯಾಂಡಿಗಿ ಬಂದಿದ್ದಳು. ಕೂದಲು ಬೆಳ್ಳಗಾಗ್ಯಾವ ಆಕಿಗೂ.

"ಯವ್ವಾ, ಈ ವಯಸ್ಸಿನಾಗ ಈ ಹುಡುಗರ ಹಿಂದ ಯಾಕ ತಿರಗತಿ ಬಿಸಲಾಗ?"

"ಖಣಿ ಒಣಗ್ಯದ. ಇವರು ನೆಲ ಓದವ್ರು" ಅಂದೆ ನಾನು.

ಆಕಿಗಿ ತಿಳೀತು. "ಬಿಡವ್ವ, ಹಳೇದು. ನಾ ಸುಖದಾಗ ಇದ್ದೀನಿ" ಅಂದಳು.

"ನೀ ಇರು. ನಾ ಇಲ್ಲ."

ಅಲ್ಲಿಂದ ಮುಂದ ಚಂದ್ರಂಪಳ್ಳಿ. ಅಲ್ಲಿ ಕಾಡದ, ಕೆರಿ ನೀರದ, ನಮ್ಮ ಕಡೀದು ನೋಡಿ ಹೋದವರಿಗಿ ಕಣ್ಣಿಗಿ ಎಣ್ಣಿ ಬಿಟ್ಟಂಗ ಆಗ್ತದ. ಆ ಕಡೆ ಕಲ್ಲು ಕರೀದು. ಬೆಂಕಿ ಹರದು ಬಂದು ಆರಿದ ಕಲ್ಲಂತ. ನಾ ಒಂದು ಗಿಡದ ಕೆಳಗ ಒಲಿ ಹೂಡಿ ರೊಟ್ಟಿ ಬಡಿಯಾಕತ್ತಿದ್ದೆ. ಮಾಸ್ತರ್ರು ಆ ಕಡೆ ಹುಡುಗರನ್ನ ಕುಂದರಿಸಿಕೊಂಡು ಕೇಳಿದ್ರು, "ಪರ್ಸಿ ಕಲ್ಲು ಮೊದಲೋ, ಈ ಕರಿಕಲ್ಲು ಮೊದಲೋ? ಹೆಂಗ ಹೇಳ್ತೀರಿ?"

ಹುಡುಗರು ಏನೇನೋ ಅಂದ್ರು. ನಸೀಮಾ ಅಂತ ಒಬ್ಬಾಕಿ ಇದ್ದಳು, ಶಹಾಬಾದದ ಹುಡುಗಿ, ಅವರಪ್ಪ ಪರ್ಸಿ ಕೊಯ್ಯೋ ಮಷೀನಿನಾಗ ದುಡೀತಾನ. ಆಕಿ ಅಂದಳು, "ಪರ್ಸಿ ಕೆಳಗದ ಸರ್, ಇದು ಅದರ ಮ್ಯಾಲ ಕುಂತದ. ಅಂದ ಮ್ಯಾಲ ಪರ್ಸಿನೇ ಮೊದಲು."

"ಶಾಬಾಸ್. ಇದಿಷ್ಟು ಗೊತ್ತಿದ್ರ ಅರ್ಧಾ ಓದು ಮುಗೀತು," ಅಂದ್ರು ಮಾಸ್ತರ್ರು. "ಯಾರೂ ಬಂದು ತಿರುವಿ ಹಾಕಿರದಿದ್ರ, ಕೆಳಗಿರೋದು ಮೊದಲ ಬಿದ್ದದ್ದು, ಮ್ಯಾಲಿರೋದು ಆಮ್ಯಾಲ ಬಿದ್ದದ್ದು. ಬೆಟ್ಟಕ್ಕೂ ಅದೇ ಕಾಯಿದೆ, ಕಸದ ತಿಪ್ಪಿಗೂ ಅದೇ."

ಹಂಚಿನ ಮ್ಯಾಲಿನ ರೊಟ್ಟಿ ಸೀದು ಕಪ್ಪಾತು. ನನಗ ಗೊತ್ತಾಗಲಿಲ್ಲ.

ಕಲ್ಲು ಬಿತ್ತು, ಕಲ್ಲಿನ ಹಿಂದ ಮಣ್ಣು ಬಿತ್ತು ಅಂತ ಹೇಳಿದ್ದ ಮುಕಾದಮ. ಹಂಗಿದ್ರ ಕಲ್ಲು ಕೆಳಗ ಇರಬೇಕು, ಮಣ್ಣು ಮ್ಯಾಲ ಇರಬೇಕು. ಯಜಮಾನನ ಹೆಣ ತೆಗೆಯೂಮುಂದ ಒಂದು ಮೂಲಿ ಅಷ್ಟೇ ಕೆದರಿದ್ರು. ಉಳಿದದ್ದು ಬಿದ್ದದ್ದು ಬಿದ್ದಂಗೇ ಇತ್ತು, ಮ್ಯಾಲ ನೀರು ನಿಂತಿತ್ತು. ಈಗ ನೀರಿಲ್ಲ.

ಊರಿಗಿ ಬಂದ ಮರುದಿನ ಹುಡುಗರು ಬಯಲಾಗ ಅಳತಿ ಮಾಡಾಕ ಹೋಗಿದ್ರು. ಮಧ್ಯಾಹ್ನ ನಾ ರೊಟ್ಟಿ ಬುಟ್ಟಿ ಹೊತ್ತು ಹೋಗಿ, "ಇಲ್ಲಿ ಬಿಸಲಾಗ ಯಾಕ ಕುಂದರ್ತೀರಿ? ಹಳೇ ಖಣ್ಯಾಗ ನೆರಳದ, ಅಲ್ಲಿ ನಡೀರಿ" ಅಂದೆ. ಹಸಿದವರನ್ನ ಎಲ್ಲಿಗಿ ಬೇಕಾದ್ರೂ ಕರಕೊಂಡು ಹೋಗಬಹುದು. ರೊಟ್ಟಿ ಬುಟ್ಟಿ ಮುಂದ ನಡೀಬೇಕು, ಅಷ್ಟೇ.

ಖಣಿಗಿ ಇಳಿಯೋ ದಾರಿ ಇನ್ನೂ ಇತ್ತು. ಒಂದು ಗೋಡಿ ಕೆಳಗ ನೆರಳಿತ್ತು, ಎದುರಿನ ಗೋಡಿ ಕುಸದ ಗೋಡಿ. ಪುಂಡಿ ಪಲ್ಯ ಹಚ್ಚಿ ರೊಟ್ಟಿ ಕೊಟ್ಟೆ, ಬಾಯಿ ಮುಚ್ಕೊಂಡು ಕುಂತೆ. ಯಜಮಾನ ಇಲ್ಲಿ ಸತ್ತ ಅಂತ ಹೇಳಲಿಲ್ಲ, ಏನು ನೋಡಬೇಕು ಅಂತನೂ ಹೇಳಲಿಲ್ಲ. ಈರಮ್ಮ ಹೇಳಿಕೊಟ್ಟಾಳ ಅನ್ನೋ ಮಾತು ನಾಳಿ ಬರಬಾರದು.

ನಸೀಮಾ ಕೈ ತೊಳಕೊಂಡು ಎದ್ದು ಎದುರಿನ ಕುಸದ ರಾಶಿ ಕಡೆ ನಡದಳು. ಬಗ್ಗಿ ನೋಡಿದಳು. "ಸರ್, ಇಲ್ಲಿ ಬರ್ರಿ. ಇದು ಉಲ್ಟಾ ಅದ. ಮಣ್ಣು ಕೆಳಗದ, ಕಲ್ಲು ಮ್ಯಾಲದ."

ನಾ ಮಜ್ಜಿಗಿ ಗಡಗಿ ಮುಚ್ಚಿದೆ.

ಮಾಸ್ತರ್ರು ಹೋಗಿ ನೋಡಿ, "ಅದು ಮೊನ್ನೆ ಮೊನ್ನೆ ಬಿದ್ದದ್ದು ಬೇಟಾ, ಕಲ್ಲು ಹುಟ್ಟಿದ ಕಾಲದ್ದಲ್ಲ" ಅಂದ್ರು. ಆಕಿ ಬಿಡಲಿಲ್ಲ. "ತಿಪ್ಪಿಗೂ ಅದೇ ಕಾಯಿದೆ ಅಂತ ನೀವೇ ಅಂದ್ರಿ. ನಾ ಇದನ್ನೇ ಓದ್ತೀನಿ." ಮಾಸ್ತರ್ರು ನಕ್ಕು, "ಹೂಂ, ಆದ್ರ ಗೋಡಿ ಸನೇಕ ಹೋಗಬ್ಯಾಡ, ರಾಶಿ ಅಂಚಿನಾಗ ನೋಡು" ಅಂದ್ರು.

ನಾಕಾರು ದಿವಸ ಆಕಿ ಅದರ ಹಿಂದೇ ಬಿದ್ದಳು. ಸಣ್ಣ ಸುತ್ತಿಗಿಲೆ ಅಂಚು ಕೆದರೋದು, ಕುಂಚದಲೆ ಝಾಡಿಸೋದು. ಕಡೀ ದಿನ ಊರವರಿಗಿ ತಾವು ಕಂಡದ್ದು ತೋರಿಸಿ ಹೋಗಬೇಕು ಅಂತ ಮಾಸ್ತರ್ರದೊಂದು ರೂಢಿ. ಯಾವುದಾದ್ರೂ ಸಾಲಿ ಖೋಲ್ಯಾಗ ಅಂತಿದ್ರು. "ಖೋಲ್ಯಾಗ ಧಗಿರೀ. ಖಣ್ಯಾಗ ನಸೀಮಾಂದು ತೋರಸ್ರಿ, ನೆರಳದ, ನಾ ಹೋಳಿಗಿ ಮಾಡಿ ತರ್ತೀನಿ" ಅಂದೆ. ಹೋಳಿಗಿ ಅಂದ ಮ್ಯಾಲ ಯಾರು ಬ್ಯಾಡ ಅಂತಾರ?

ಅದರ ಹಿಂದಿನ ದಿನ ಸಂಜಿಗಿ ಮುಕಾದಮನ ಕಟ್ಟಿಗಿ ಹೋದೆ. ಆ ಕಟ್ಟಿ ಮುಂದ ನಾ ಸೆರಗು ಎಳಕೊಂಡು ಹಾಯೋದೇ ರೂಢಿ, ನಿಂತದ್ದಿಲ್ಲ.

"ಏನವ್ವಾ ಈರಮ್ಮ, ದಾರಿ ತಪ್ಪಿ ಬಂದಿ?" ಅಂದ.

"ಊರಾಗ ಹಿರ್ಯಾರು ಯಾರು ಅಂತ ಕಾಲೇಜಿನವ್ರು ಕೇಳಿದ್ರು. ನಿಮ್ಮ ಹೆಸರು ಹೇಳಿದೆ. ನಾಳಿ ಖಣಿಗಿ ಬರಬೇಕಂತ."

"ಖಣಿಗಿ?" ಅಂದ. ಮಾರಿ ಸ್ವಲ್ಪ ಮುದುಡಿತು. ಆಮ್ಯಾಲ ಆಸೆ ಗೆದ್ದಿತು. "ಹಾರಾ-ಶಾಲು ಏನಾರ ಅದ ಏನು?"

"ಅದಕ್ಕಿಂತ ವಜನಿಂದು ಅದರಿ."

"ಹಳೇದೆಲ್ಲ ಮರತಿಯಲ್ಲ, ಛಲೋ ಆತು. ಮನುಷ್ಯಾಗ ಮರವು ಇರಬೇಕವ್ವ."

"ಇರಬೇಕ್ರಿ. ಬರ್ರಿ ನಾಳಿ" ಅಂದು ಬಂದೆ.

ಬಂದ. ಇಸ್ತ್ರಿ ಧೋತರ, ಹೆಗಲ ಮ್ಯಾಲ ಜರಿ ಟವೆಲ್, ಎದಿ ಮ್ಯಾಲ ಕರಡಗಿ ಫಳಫಳ. ಊರ ಜನ ಬಂದಿತ್ತು, ಹೋಳಿಗಿ ವಾಸನಿ ಹಂಗ ಕರೀತದ. ಅಂವನ್ನ ಮುಂದ ಕುರ್ಚಿ ಮ್ಯಾಲ ಕುಂದರಿಸಿದೆ. ನಸೀಮಾ ಕೈಯಾಗ ಒಂದು ಬಡಿಗಿ ಹಿಡಕೊಂಡು ಶುರು ಮಾಡಿದಳು. ಮೊದಲ ಅಂಜಿದ್ದಳು, ಆಮ್ಯಾಲ ದನಿ ಬಂತು.

"ಇಲ್ಲಿ ನೋಡ್ರಿ. ತಳದಾಗ ಕರಿ ಮಣ್ಣು. ಅದರ ಮ್ಯಾಲ ಒಡದ ಪರ್ಸಿ. ಕೆಳಗಿಂದು ಮೊದಲು, ಮ್ಯಾಲಿಂದು ಆಮ್ಯಾಲ. ಅಂದ್ರ ಮೊದಲು ಮಣ್ಣು ಜಾರಿ ಬಿದ್ದದ, ಅದರ ಹಿಂದ ಗೋಡಿ ಕಲ್ಲು ಕಿತ್ತು ಬಂದದ."

"ಆ ಮಣ್ಣು ಹೊಲದ್ದಿರಬಹುದಲ್ಲಾ?" ಅಂದ ಯಾರೋ ಒಬ್ಬ.

"ಹೊಲದ್ದಲ್ಲರಿ ಕಾಕಾ. ಹೊತ್ತು ತಂದು ಬಾಯಿ ಮ್ಯಾಲ ಸುರುವಿದ ಮಣ್ಣು." ಆಕಿ ಒಂದು ಹಾಳ್ಯಾಗ ಕಟ್ಟಿಟ್ಟಿದ್ದನ್ನ ಬಿಚ್ಚಿ ತೋರಿಸಿದಳು. ಬಳಿ ಚೂರು. ಹಸರು, ಕೆಂಪು, ಬಂಗಾರ ಚುಕ್ಕಿದೂ ಇದ್ದವು. "ಮಣ್ಣಿನ ಉದ್ದಕ್ಕೂ ಇವೇ ಅವ. ಬುಟ್ಟಿ ಸುರುವೂಮುಂದ ಹೆಣ್ಣುಮಕ್ಕಳ ಬಳಿ ಒಡದಾವ. ಹೊಲದ ಮಣ್ಣಿನಾಗ ಇಷ್ಟು ಬಳಿ ಎಲ್ಲಿಂದ ಬರಬೇಕ್ರಿ?"

ಹಿಂದ ನಿಂತ ಮುದುಕ್ಯಾರು ತಮ್ಮ ತಮ್ಮ ಮುಂಗೈ ನೋಡ್ಕೊಂಡ್ರು. ಅವರೆಲ್ಲ ನನ್ನ ಕೂಡ ಬುಟ್ಟಿ ಹೊತ್ತವರೇ.

ನಾ ಎದ್ದೆ. "ನಸೀಮಾ, ಒಂದು ಕೇಳ್ತೀನಿ. ಒಬ್ಬವ ಕೆಳಗ ನಿಂತು ಹೊಟ್ಟಿ ಬಗದಿದ್ರ ಹೆಂಗ ಇರ್ತಿತ್ತು?"

"ಹೊಟ್ಟಿ ಬಗದಿದ್ರ ಕಲ್ಲು ಮೊದಲ ಬೀಳ್ತಿತ್ತು ಆಯಿ. ಕಲ್ಲು ತಳಕ್ಕ, ಮಣ್ಣು ಮ್ಯಾಲ. ಇಲ್ಲಿ ಹಂಗಿಲ್ಲ."

"ಹಂಗಾದ್ರ ಇಲ್ಲಿ ತಪ್ಪು ಕೆಳಗಿದ್ದವಂದಲ್ಲ?"

"ಅಲ್ಲ. ಮ್ಯಾಲ ಭಾರ ಹಾಕಿಸಿದವಂದು" ಅಂದಳು ಹುಡುಗಿ. ಆಮ್ಯಾಲ ಆಕಿಗಿ ಏನೋ ಹೊಳೀತು. ನನ್ನ ಮಾರಿ ನೋಡಿದಳು, ಮುಕಾದಮನ ಮಾರಿ ನೋಡಿದಳು, ಬಡಿಗಿ ಕೆಳಗ ಇಳಿಸಿದಳು.

ನಾ ಕುರ್ಚಿ ಮುಂದ ಹೋಗಿ ನಿಂತೆ. "ಮುಕಾದಮ್ರ, ಕೇಳಸ್ತೇನ್ರಿ?"

"ಈಗ ಯಾಕವ್ವ ಆ ಮಾತು..."

"ಈಗ ನೀರು ಬತ್ತ್ಯದ, ಅದಕ್ಕ. ಭೀಮಶಾನ ಮಾತು ಆಡಾಕತ್ತೀನಿ." ಗಂಡನ ಹೆಸರು ಹೆಂಡ್ತಿ ಬಾಯಿಲೆ ಹೇಳಬಾರದು, ಆಯುಷ್ಯ ಕಮ್ಮಿ ಆಗ್ತದ ಅಂತಾರ. ಸತ್ತವನಿಗಿ ಇನ್ನ ಎಷ್ಟು ಕಮ್ಮಿ ಆಗೋದದ? "ಕಲ್ಲಿನ ಮಾತು ಸುಳ್ಳಾತು. ಶೆರೆ ಮಾತು ಉಳದದ. ಕರಡಗಿ ಬಿಚ್ರಿ, ಲಿಂಗ ಅಂಗೈ ಮ್ಯಾಲ ಇಟ್ಕೊಳ್ರಿ. ಅವತ್ತ ಮುಂಜಾನಿ ಭೀಮಶಾನ ಬಾಯಿ ನಾರತಿತ್ತು ಅಂತ ಒಮ್ಮಿ ಹೇಳ್ರಿ. ಹೇಳಿದ್ರ ನಿಮ್ಮ ಕಾಲು ಹಿಡದು ಮನಿಗಿ ಹೋಗ್ತೀನಿ."

ಅಂವನ ಕೈ ಕರಡಗಿ ತನ ಹೋತು. ಮುಚ್ಚಳದ ಮ್ಯಾಲ ಬೆರಳು ಇಟ್ಟ. ಪೊಲೀಸರ ಮುಂದ, ಅಯ್ಯನವರ ಕಿವ್ಯಾಗ, ಆಡಕಿಯವ್ರ ಮುಂದ ಹೇಳಿದ ಬಾಯಿ ಅದು. ಆದ್ರ ಅಷ್ಟು ಕಾಲದಾಗ ಯಾರೂ ಅಂವನಿಗಿ ಲಿಂಗ ಹಿಡದು ಹೇಳು ಅಂದಿರಲಿಲ್ಲ. ಕೈ ಇಳೀತು, ತೊಡಿ ಮ್ಯಾಲ ಬಿತ್ತು.

"ಮಾಲಕ ಹಂಗ ಹೇಳು ಅಂದ," ಅಂದ. "ನಾ ಆಳು ಮನುಷ್ಯ ಈರಮ್ಮ."

"ಮಾಲಕ ಸತ್ತಾನ. ಮಣ್ಣು ಇಲ್ಲೇ ಚೆಲ್ರಿ ಅಂದದ್ದು ಯಾರ ಬಾಯಿ?"

ನಾ ಮನಿಂದ ತಂದಿದ್ದ ಖಾಲಿ ಬುಟ್ಟಿ ತಗೊಂಡು, ಬಳಿ ಚೂರು ಇದ್ದ ಕರಿ ಮಣ್ಣು ಕೈಲೆ ತುಂಬಿದೆ. ತುಂಬಿ ಅಂವನ ಮುಂದ ಇಟ್ಟೆ. "ಯಜಮಾನನ್ನ ಮಣ್ಣು ಮಾಡಿದ ಗದ್ದಿಗಿ ಖಣಿ ಮ್ಯಾಲ ಅದ, ಬೇವಿನ ಗಿಡದ ಬುಡಕ್ಕ. ಒಯ್ದು ಸುರುವ್ರಿ."

ಒಬ್ಬವ ನಡುವ ಬಂದ. "ಬಿಡವ್ವ, ಮುದುಕ ಮನುಷ್ಯ."

"ಬಸುರಿದ್ದಾಗ ನಾ ಇದೇ ಬುಟ್ಟಿ ಹೊತ್ತೀನಿ. ಅವತ್ತ ಬಿಡವ್ವ ಅನ್ನಾಕ ನೀನೂ ಬರಲಿಲ್ಲ, ನಿಮ್ಮಪ್ಪನೂ ಬರಲಿಲ್ಲ."

ಅಂವ ಹಿಂದ ಸರದ. ಮುಕಾದಮ ಸುತ್ತ ನೋಡಿದ. ಮುಂದಿನ ಪಂಕ್ತಿಯವ್ರು ಎಲ್ಲಾ ಬ್ಯಾರೆ ಕಡೆ ನೋಡಾಕತ್ತಿದ್ರು, ಯಜಮಾನನ್ನ ಮಣ್ಣು ಮಾಡಿದಾಗ ಮಾರಿ ತಿರುವಿದ್ರಲ್ಲ, ಹಂಗೇ. ಅಂವ ಎದ್ದ. ಮುಕಾದಮ ಅನ್ನವ ಜನ್ಮದಾಗ ಬುಟ್ಟಿ ಮುಟ್ಟಿದವನಲ್ಲ, ಹೊರೋದು ಹೆಂಗ ಅಂತ ಗೊತ್ತಿರಲಿಲ್ಲ. ಜರಿ ಟವೆಲ್ ತಗೊಂಡು ನಾನೇ ಸಿಂಬಿ ಸುತ್ತಿದೆ, ತಲಿ ಮ್ಯಾಲ ಇಟ್ಟೆ. ಬುಟ್ಟಿ ಎತ್ತಿ ಹೊರಿಸಿದೆ.

ಹತ್ತೋ ದಾರ್ಯಾಗ ಅರ್ಧಕ್ಕ ನಿಂತ. ಬುಟ್ಟಿ ಇಳಿಸಿ, "ನೀರು" ಅಂದ. ನಮ್ಮ ಕಡೆ ಬ್ಯಾಸಗ್ಯಾಗ ನೀರು ಕೇಳಿದವನಿಗಿ ಇಲ್ಲ ಅನ್ನಬಾರದು, ವೈರಿ ಇದ್ರೂ. ನಾ ತಂಬಿಗಿ ಕೊಟ್ಟೆ. ಹೊಟ್ಟಿ ತುಂಬ ಕುಡದ. ತಂಬಿಗಿ ಇಸಕೊಂಡು, ಬುಟ್ಟಿ ಮತ್ತ ಎತ್ತಿ ಹೊರಿಸಿದೆ.

ಗದ್ದಿಗಿ ಮ್ಯಾಲ ಸುರುವೂಮುಂದ ಅಂವ ಅತ್ತ. ಧೋತರಕ್ಕೆಲ್ಲ ಮಣ್ಣಾಗಿತ್ತು. ನಾ ಅಳಲಿಲ್ಲ, ಪಾಪ ಅಂತನೂ ಅನ್ನಿಸಲಿಲ್ಲ. ಹಸದಾಗ ಉಂಡಂಗ ಆತು. ಅಯ್ಯನವರ ಮಗ ಅಲ್ಲೇ ಇದ್ದ, ಸನೇಕ ಬಂದು, "ಆಯಿ, ಈಗಾದ್ರೂ ನಾ ಪಾದ ಮುಟ್ಟಸ್ತೀನಿ ಗದ್ದಿಗಿಗಿ" ಅಂದ.

"ಬ್ಯಾಡ್ರಿ," ಅಂದೆ. "ಬುಟ್ಟಿ ಮುಟ್ಯದ. ಸಾಕು."

ಹೋಳಿಗಿ ಎಲ್ಲರೂ ಉಂಡ್ರು. ಟೆಂಪೋ ಹತ್ತೂಮುಂದ ಮಾಸ್ತರ್ರು ಮುಖ ಬಿಗಿ ಮಾಡ್ಕೊಂಡು ನನ್ನ ಕಡೆ ಬಂದ್ರು. "ಆಯಿ, ನೀವು ನಮ್ಮನ್ನ ಬಳಸಿಕೊಂಡ್ರಿ. ಮೊದಲ ಹೇಳಬೇಕಾಗಿತ್ತು."

"ಹೌದ್ರಿ, ಬಳಸಿಕೊಂಡೆ. ಮೊದಲ ಹೇಳಿದ್ರ ಆ ಹುಡುಗಿ ಕಣ್ಣು ಆಕಿದಾಗಿರ್ತಿರಲಿಲ್ಲ, ನಂದಾಗಿರ್ತಿತ್ತು."

ನಸೀಮಾ ಇಳದು ಬಂದು ಬಳಿ ಚೂರಿನ ಪೊಟ್ಟಣ ನನ್ನ ಕೈಯಾಗ ಇಟ್ಟಳು. "ಇದು ನಿಮ್ಮದು ಆಯಿ" ಅಂದಳು. ಹಸರು ಚೂರು ನಂದಿರಬಹುದು, ಇಲ್ಲದಿರಬಹುದು. ಅವಾಗ ಬಾಳ ಮಂದಿ ಹಸರೇ ಇಡ್ತಿದ್ದೆವು.

ಆಮ್ಯಾಲ ಮುಕಾದಮನ್ನ ಯಾರೂ ಸಾಕ್ಷಿಗಿ ಕರೀಲಿಲ್ಲ. ಕಟ್ಟಿ ಮ್ಯಾಲ ಕುಂದರ್ತಿದ್ದ, ಹಾದು ಹೋಗವ್ರು ನಮಸ್ಕಾರ ಅಂತಿದ್ರು, ನಿಲ್ಲತಿರಲಿಲ್ಲ. ನಾ ಮಾತ್ರ ದಿನಾ ನಿಲ್ಲತಿದ್ದೆ. "ಆರಾಮ ಇದ್ದೀರೇನ್ರಿ ಮುಕಾದಮ್ರ?" ಅಂತ ಕೇಳಿ ಮುಂದ ಹೋಗ್ತಿದ್ದೆ. ಮಗಳು ಸುಲೇಪೇಟದಿಂದ ಬಂದಾಗ ಇದನ್ನ ನೋಡಿ, "ಯವ್ವಾ, ಇನ್ನೂ ಆಗಿಲ್ಲೇನ ನಿಂದು?" ಅಂದಳು. ಆದ್ರ ಆ ಸಲ ಆಕಿ ಸೆರಗು ಎಳಕೊಳ್ಳದ, ಆ ಕಟ್ಟಿ ಮುಂದ ತಲಿ ಎತ್ತಿ ನಡದಳು. ನಾ ನೋಡೀನಿ.

ಆ ಮಳಿಗಾಲದಾಗ ಖಣಿ ಮತ್ತ ತುಂಬಿತು. ದೀಪಾವಳಿ ಮುಂದ ಮುಕಾದಮ ಸತ್ತ. ಅವರ ಮನಿಯವ್ರು ನಾ ಬರೂದಿಲ್ಲ ಅಂದ್ಕೊಂಡಿದ್ರು. ಹೋದೆ. ಕುಂದರಿಸಿದ್ರು, ವಿಭೂತಿ ಹಚ್ಚಿದ್ರು, ಅಯ್ಯನವರ ಮಗ ಪಾದ ಮುಟ್ಟಿಸಿದ. ನಾ ಬ್ಯಾಡ ಅನ್ನಲಿಲ್ಲ. ಎಲ್ಲರೂ ಹಿಡಿ ಮಣ್ಣು ಹಾಕಿದ್ರು. ನನ್ನ ಕಡೆ ನೋಡಿದ್ರು. "ನೀವು ಹಾಕ್ರಿ, ನಂದು ಇರಲಿ" ಅಂತ ನಿಂತೆ. ಕುಣಿ ತುಂಬಿತು, ಮ್ಯಾಲ ಗುಡ್ಡಿ ಎದ್ದಿತು, ಸಲಿಕಿ ಬಡದು ಸಾಪು ಮಾಡಿದ್ರು, ಜನ ಕೈ ಝಾಡಿಸ್ಕೊಂಡು ಹೊಂಟ್ರು. ಆವಾಗ ಸೆರಗಿನ ಗಂಟು ಬಿಚ್ಚಿ, ಖಣಿ ತುಂಬೋಕಿಂತ ಮೊದಲ ಅಲ್ಲಿಂದ ತಂದಿಟ್ಟ ಕರಿ ಮಣ್ಣು, ಬಳಿ ಚೂರು ಸಹಿತ, ಎಲ್ಲಕ್ಕೂ ಮ್ಯಾಲ ಹಾಕಿದೆ.

ಮುಂದ ಯಾವ ಕಾಲದಾಗೋ ಯಾರರ ಬಂದು ಅಗದು ನೋಡ್ಲಿ. ಕಡೀ ಮಾತು ಯಾರದಿತ್ತು ಅಂತ ಓದ್ಕೋತಾರ.